ಹಳೆಯ ಕಾರಿನ ತಗಡು, ತುಕ್ಕು ಮತ್ತು ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಓದುಗರು ಮನೆಯ ಶೆಡ್ಡಿನಲ್ಲಿ ನಿಂತಿರುವ ಹಳೆಯ ಕಾರುಗಳ ಬಗ್ಗೆ ಬರೆದಿರುವ ಪತ್ರಗಳಲ್ಲಿ ಹೆಚ್ಚಿನವು ಬಣ್ಣದ ಬಗ್ಗೆಯೇ ಕೇಳುತ್ತವೆ. ಮಲೆನಾಡಿನಲ್ಲಿ ನಿಂತ ಕಾರಿಗೆ ಬಣ್ಣ ಬಳಿಯುವುದು ಕೊನೆಯ ಕೆಲಸ. ನೀರು ಎಲ್ಲಿ ಒಳಗೆ ಬರುತ್ತಿದೆ, ಎಲ್ಲಿ ನಿಲ್ಲುತ್ತಿದೆ ಎಂದು ಕಂಡುಕೊಳ್ಳುವುದು ಮೊದಲ ಕೆಲಸ. ಈ ಸಂಚಿಕೆಗೆ ಆಯ್ದುಕೊಂಡ ಐದು ಪತ್ರಗಳಿಗೆ ಆ ಕ್ರಮವನ್ನು ಮನಸ್ಸಿನಲ್ಲಿಟ್ಟುಕೊಂಡೇ ಉತ್ತರಿಸಿದ್ದೇವೆ.

ಪ್ರಶ್ನೆ: ನಮ್ಮ ತಂದೆಯವರು ಕೊಂಡಿದ್ದ 1978ರ ಪ್ರೀಮಿಯರ್ ಪದ್ಮಿನಿ ಕಾರು ತೋಟದ ಶೆಡ್ಡಿನಲ್ಲಿ ಬಹಳ ವರ್ಷಗಳಿಂದ ನಿಂತಿದೆ. ಎಂಜಿನ್ ಸುಸ್ಥಿತಿಯಲ್ಲಿದೆ. ಆದರೆ ಬಾಗಿಲುಗಳ ಕೆಳಭಾಗದಲ್ಲಿ ಬಣ್ಣ ಗುಳ್ಳೆಯೆದ್ದಿದೆ; ಚಾಲಕನ ಕಾಲಡಿಯ ಮ್ಯಾಟ್ ಎತ್ತಿದರೆ ಶೆಡ್ಡಿನ ನೆಲ ಕಾಣುತ್ತದೆ. ಮನೆಯಲ್ಲಿ ಕಂಪ್ರೆಸರ್ ಇದೆ. ಬಾಡಿ ಕೆಲಸವನ್ನೂ ಪೇಂಟಿಂಗನ್ನೂ ನಾನೇ ಮಾಡಬೇಕೆಂದಿದ್ದೇನೆ. ಎಲ್ಲಿಂದ ಆರಂಭಿಸಲಿ?
— ಓದುಗರೊಬ್ಬರು, ಮೂಡಿಗೆರೆ

ಉತ್ತರ: ಬಾಗಿಲಿನ ಕೆಳಗೆ ಎದ್ದಿರುವ ಗುಳ್ಳೆಗಳು ಹೊರಗಿನಿಂದ ಹತ್ತಿದ ತುಕ್ಕಿನವಲ್ಲ. ಕಿಟಕಿಯ ಗಾಜು ಇಳಿಯುವ ಸಂದಿಯಿಂದ ಪ್ರತಿ ಮಳೆಯಲ್ಲೂ ಒಂದಿಷ್ಟು ನೀರು ಬಾಗಿಲಿನೊಳಗೆ ಇಳಿಯುತ್ತದೆ, ಮತ್ತು ಅದು ಹೊರಗೆ ಹೋಗಲೆಂದೇ ಬಾಗಿಲಿನ ತಳದಲ್ಲಿ ಸಣ್ಣ ರಂಧ್ರಗಳನ್ನು ಬಿಟ್ಟಿರುತ್ತಾರೆ. ತೋಟದ ದೂಳು, ತರಗೆಲೆಯ ಪುಡಿ, ಹಿಂದೊಮ್ಮೆ ಬಳಿದ ದಪ್ಪ ಬಣ್ಣ ಇವೆಲ್ಲ ಸೇರಿ ಆ ರಂಧ್ರಗಳು ಮುಚ್ಚಿಕೊಂಡರೆ ನೀರು ಒಳಗೇ ನಿಂತು, ತಗಡು ಒಳಮೈಯಿಂದ ಸವೆಯುತ್ತಾ ಬರುತ್ತದೆ. ಹೊರಗೆ ಗುಳ್ಳೆ ಕಾಣಿಸಿಕೊಳ್ಳುವ ಹೊತ್ತಿಗೆ ಆ ಜಾಗದ ತಗಡು ಬಹುಪಾಲು ಹೋಗಿರುತ್ತದೆ. ಅದರ ಮೇಲೆ ಪುಟ್ಟಿ ಮೆತ್ತಿ ಬಣ್ಣ ಹೊಡೆದರೆ ಮುಂದಿನ ಮಳೆಗಾಲ ಮುಗಿಯುವುದರೊಳಗೆ ಗುಳ್ಳೆ ಅದೇ ಜಾಗದಲ್ಲಿ ಮತ್ತೆ ಏಳುತ್ತದೆ.

ಆದ್ದರಿಂದ ಮೊದಲು ಸೀಟು, ಮ್ಯಾಟು, ಬಾಗಿಲಿನ ಒಳಹಲಗೆ, ರಬ್ಬರ್ ಬೀಡಿಂಗ್ ಎಲ್ಲವನ್ನೂ ಕಳಚಿ, ಕಾರನ್ನು ಬರಿಮೈ ಮಾಡಿ ನೋಡಿ. ಒಂದು ಸಣ್ಣ ಆಯಸ್ಕಾಂತಕ್ಕೆ ತೆಳುವಾದ ಬಟ್ಟೆ ಸುತ್ತಿ ಮೈಮೇಲೆ ಆಡಿಸಿದರೆ ಹಳೆಯ ಪುಟ್ಟಿ ಎಲ್ಲೆಲ್ಲಿ ದಪ್ಪಗಿದೆ ಎಂಬುದು ಅದರ ಹಿಡಿತ ಸಡಿಲವಾಗುವುದರಿಂದಲೇ ತಿಳಿಯುತ್ತದೆ. ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಗಟ್ಟಿ ತಗಡು ಟಣ್ಣೆನ್ನುತ್ತದೆ, ಟೊಳ್ಳಾದದ್ದು ಮಂದವಾಗಿ ಸದ್ದು ಮಾಡುತ್ತದೆ. ಅಂಥಲ್ಲಿ ಅದೇ ಸ್ಕ್ರೂಡ್ರೈವರಿನ ಮೊನೆಯಿಂದ ಗಟ್ಟಿಯಾಗಿ ಒತ್ತಿ ನೋಡಲು ಹಿಂಜರಿಯಬೇಡಿ. ಮುಂದಿನ ಗಾಜಿನ ರಬ್ಬರಿನ ಅಡಿ, ಗಾಜಿನ ಮುಂದೆ ಗಾಳಿ ಒಳಬರುವ ಜಾಗದಲ್ಲಿ ಎಲೆ ಕೊಳೆತು ತುಂಬಿರುವ ತೊಟ್ಟಿ, ಚಕ್ರದ ಕಮಾನಿನ ಒಳಮಡಿಕೆ, ಸ್ಟೆಪ್ನಿ ಇಡುವ ಗುಂಡಿ, ಬ್ಯಾಟರಿ ತಟ್ಟೆ, ಜಾಕ್ ಕೊಡುವ ಜಾಗ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ಪೆಟ್ಟಿಗೆಯಾಕಾರದ ಸಿಲ್ ಇವು ಮುಖ್ಯವಾಗಿ ಪರೀಕ್ಷಿಸಬೇಕಾದ ಸ್ಥಳಗಳು. ಆಮೇಲೆ ಒಬ್ಬರು ಒಳಗೆ ಟಾರ್ಚ್ ಹಿಡಿದು ಕುಳಿತಿರಲಿ, ಇನ್ನೊಬ್ಬರು ಹೊರಗಿನಿಂದ ಕೊಳವೆಯಲ್ಲಿ ನಿಧಾನವಾಗಿ ನೀರು ಬಿಡಲಿ. ನೀರು ಬರುವ ದಾರಿಯನ್ನು ಕಣ್ಣಾರೆ ಕಂಡು ಸೀಮೆಸುಣ್ಣದಿಂದ ಗುರುತು ಹಾಕಿಕೊಂಡ ಮೇಲೆಯೇ ಮುಂದಿನ ಕೆಲಸ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಪದ್ಮಿನಿಯ ಮೂಲವಾದ ಫಿಯಟ್ 1100 ಕಾರು 1953ರಲ್ಲಿ ಹೊಸ ರೂಪದಲ್ಲಿ ಬಂದಾಗಲೇ ಪ್ರತ್ಯೇಕ ಚಾಸಿ (ಬಾಡಿಯ ಅಡಿಯ ಉಕ್ಕಿನ ಚೌಕಟ್ಟು) ಇಲ್ಲದ ವಿನ್ಯಾಸವನ್ನು ಪಡೆದಿತ್ತು. ಜೀಪಿನಲ್ಲಿ ಬಾಡಿ ತುಕ್ಕು ಹಿಡಿದರೂ ಅಡಿಯಲ್ಲಿ ಚಾಸಿ ಭಾರ ಹೊರುತ್ತದೆ. ಪದ್ಮಿನಿಯಲ್ಲಾಗಲಿ ಅಂಬಾಸಡರಿನಲ್ಲಾಗಲಿ ಸಿಲ್ ಮತ್ತು ನೆಲದ ತಗಡುಗಳೇ ಆ ಭಾರವನ್ನು ಹೊರುತ್ತವೆ. ಸಿಲ್ ಕತ್ತರಿಸುವ ಮೊದಲು ಬಾಗಿಲಿನ ಚೌಕಟ್ಟಿಗೆ ಅಡ್ಡಲಾಗಿ ಕಬ್ಬಿಣದ ಪಟ್ಟಿ ಬಿಗಿದು, ಕಾರನ್ನು ಸಮನಾಗಿ ಸ್ಟ್ಯಾಂಡುಗಳ ಮೇಲೆ ನಿಲ್ಲಿಸದಿದ್ದರೆ ನಡು ಕುಸಿಯುತ್ತದೆ, ಹೊಸ ತಗಡು ಕೂಡಿಸಿದ ಮೇಲೆ ಬಾಗಿಲು ಮುಚ್ಚಲು ಬರುವುದಿಲ್ಲ. ಬಾಗಿಲು ಮತ್ತು ಕಂಬಗಳ ನಡುವಿನ ಸಂದಿಯನ್ನು ಮೇಲೆ, ನಡುವೆ, ಕೆಳಗೆ ಅಳೆದು ಬರೆದಿಟ್ಟುಕೊಂಡು, ಬೆಸುಗೆಯ ಪ್ರತಿ ಹಂತದಲ್ಲೂ ಮತ್ತೆ ಅಳೆಯಬೇಕು.

ಈ ಬೆಸುಗೆ ಕೆಲಸವನ್ನು ಅನುಭವಸ್ಥ ಟಿಂಕರರಿಗೆ ಒಪ್ಪಿಸಿ, ಉಳಿದದ್ದನ್ನು ನೀವು ಮಾಡುವುದು ಒಳ್ಳೆಯದು ಎಂಬುದು ನಮ್ಮ ಖಚಿತ ಅಭಿಪ್ರಾಯ. ಗೇಟು, ಗ್ರಿಲ್ ಮಾಡುವವರ ಆರ್ಕ್ ವೆಲ್ಡಿಂಗ್ ಕಾರಿನ ತೆಳು ತಗಡನ್ನು ತೂತು ಮಾಡುತ್ತದೆ. ಗ್ಯಾಸ್ ವೆಲ್ಡಿಂಗಿನ ಶಾಖ ಅಗಲಕ್ಕೆ ಹರಡಿ ತಗಡನ್ನು ಸೊಟ್ಟಗಾಗಿಸುತ್ತದೆ. ತೆಳು ತಂತಿಯ ಮಿಗ್ ವೆಲ್ಡಿಂಗಿನಲ್ಲಿ ದೂರ ದೂರಕ್ಕೆ ಚುಕ್ಕಿ ಇಟ್ಟು, ಆರಲು ಬಿಟ್ಟು, ನಡುವಿನ ಜಾಗವನ್ನು ಆಮೇಲೆ ತುಂಬುತ್ತಾ ಹೋಗುವವರನ್ನೇ ಹುಡುಕಿ. ಸುಮಾರು 0.9 ಮಿಲಿಮೀಟರ್ ದಪ್ಪದ, ಅಂದರೆ 20 ಗೇಜಿನ ತಗಡು ಈ ಕಾರುಗಳಿಗೆ ಹೊಂದುತ್ತದೆ. ತುಕ್ಕು ಹಿಡಿದ ಭಾಗವನ್ನು ಗಟ್ಟಿ ತಗಡು ಸಿಗುವವರೆಗೂ ಕತ್ತರಿಸಿ ತೆಗೆದು ಆ ಅಳತೆಯ ತೇಪೆಯನ್ನು ಕೂಡಿಸಬೇಕೇ ಹೊರತು, ಹಳೆಯದರ ಮೇಲೆ ಹೊಸ ತಗಡನ್ನು ಹೊದಿಸಿಬಿಡಬಾರದು. ಹಾಗೆ ಹೊದಿಸಿದರೆ ಎರಡು ತಗಡುಗಳ ನಡುವೆ ನೀರಿಗೆ ಇನ್ನೊಂದು ಮನೆ ಕಟ್ಟಿಕೊಟ್ಟಂತಾಗುತ್ತದೆ. ಬೆಸುಗೆ ಆರಂಭಿಸುವ ಮೊದಲು ಬ್ಯಾಟರಿಯ ತಂತಿ ಕಳಚಿರಬೇಕು, ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದ ಇಳಿಸಿ ದೂರ ಇಟ್ಟಿರಬೇಕು. ಖಾಲಿ ಟ್ಯಾಂಕು ತುಂಬಿದ ಟ್ಯಾಂಕಿಗಿಂತ ಹೆಚ್ಚು ಅಪಾಯಕಾರಿ, ಏಕೆಂದರೆ ಸಿಡಿಯುವುದು ಒಳಗೆ ತುಂಬಿರುವ ಆವಿ.

ನಿಮ್ಮ ಕೈಗೆ ಬರುವ ಕೆಲಸಗಳು ಇದಾದ ಮೇಲೆ ಸಾಲಾಗಿ ಇವೆ. ಹಳೆಯ ಬಣ್ಣದಲ್ಲಿ, ವಿಶೇಷವಾಗಿ ಹಳದಿ ಮತ್ತು ಕೆಂಪು ಬಣ್ಣಗಳಲ್ಲಿ, ಸೀಸವಿರುವ ಸಾಧ್ಯತೆ ಇರುವುದರಿಂದ ಅದನ್ನು ಒಣಗಿದ್ದಂತೆಯೇ ಉಜ್ಜಿ ದೂಳೆಬ್ಬಿಸಬೇಡಿ. ವಾಟರ್ ಪೇಪರಿನಲ್ಲಿ ನೀರು ಹಾಕಿ ಉಜ್ಜಿ, ಕೆಸರನ್ನು ಒರೆಸಿ ತೆಗೆಯಿರಿ. ಕಾಫಿ ಒಣಗಿಸುವ ಕಣದ ಹತ್ತಿರವಾಗಲಿ, ಮಕ್ಕಳು ಓಡಾಡುವ ಕಡೆಯಾಗಲಿ ಈ ಕೆಲಸ ಬೇಡ. ತಗಡು ಬರಿದಾದ ದಿನವೇ ಅದಕ್ಕೆ, ಬಣ್ಣದ ಅಡಿಗೆ ಬಳಿಯುವ, ತೇವ ತಡೆಯುವ ಎಪಾಕ್ಸಿ ಪ್ರೈಮರ್ ಬೀಳಬೇಕು, ಏಕೆಂದರೆ ನಿಮ್ಮ ಊರಿನ ಗಾಳಿಯಲ್ಲಿ ಬರಿ ತಗಡು ಒಂದೇ ರಾತ್ರಿಯಲ್ಲಿ ಕೆಂಪು ಹಿಡಿಯಬಲ್ಲದು. ರೆಡ್ ಆಕ್ಸೈಡ್ ಪ್ರೈಮರ್ ಬಳಿದು ಮಳೆಗಾಲವಿಡೀ ಹಾಗೇ ಬಿಡುವ ರೂಢಿಯಿದೆ. ಮೇಲೆ ಬಣ್ಣವಿಲ್ಲದ ಸಾಮಾನ್ಯ ಪ್ರೈಮರ್ ತೇವವನ್ನು ಹೀರಿಕೊಳ್ಳುವುದರಿಂದ ಅದರಡಿಯಲ್ಲೇ ತುಕ್ಕು ಆರಂಭವಾಗುತ್ತದೆ.

ನೆಗ್ಗುಗಳನ್ನು ಹಿಂದಿನಿಂದ ಡಾಲಿ ಎಂಬ ಉಕ್ಕಿನ ಗಟ್ಟಿ ಕೊಟ್ಟು ಮುಂದಿನಿಂದ ಹಗುರವಾಗಿ ಸುತ್ತಿಗೆಯಲ್ಲಿ ತಟ್ಟಿ ಸಾಧ್ಯವಾದಷ್ಟೂ ಎತ್ತಬೇಕು. ಪುಟ್ಟಿ ಇರುವುದು ಉಳಿದ ಅಲ್ಪ ಏರಿಳಿತವನ್ನು ಸರಿಪಡಿಸಲು ಮಾತ್ರ, 3 ಮಿಲಿಮೀಟರಿಗಿಂತ ದಪ್ಪವಾಗಬಾರದು. ಪಾಲಿಯೆಸ್ಟರ್ ಪುಟ್ಟಿಗೆ ಹಾರ್ಡನರ್ ಸಾಮಾನ್ಯವಾಗಿ ತೂಕದಲ್ಲಿ ನೂರಕ್ಕೆ 2 ಭಾಗ. ಬೇಗ ಗಟ್ಟಿಯಾಗಲೆಂದು ಹೆಚ್ಚು ಹಾಕಿದರೆ ಅದರ ಕಲೆ ಮೇಲಿನ ಬಣ್ಣದವರೆಗೂ ಏರಿಬರುತ್ತದೆ. ನಮ್ಮ ಕಡೆಯ ಅನೇಕ ಗ್ಯಾರೇಜುಗಳಲ್ಲಿ ಪುಟ್ಟಿಯನ್ನೂ ನೀರು ಹಾಕಿ ಉಜ್ಜುತ್ತಾರೆ. ಇದನ್ನು ದಯವಿಟ್ಟು ಮಾಡಬೇಡಿ. ಪುಟ್ಟಿ ನೀರನ್ನು ಹೀರಿ ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲಿಗೆ ನಿಂತಾಗ ಅದೇ ನೀರು ಬಣ್ಣವನ್ನು ಮೇಲಕ್ಕೆತ್ತುತ್ತದೆ. ಮಾಸ್ಕ್ ಧರಿಸಿ, 80ರ ಒರಟು ಉಪ್ಪುಕಾಗದದಿಂದ ಆರಂಭಿಸಿ ನುಣುಪಾದ 180, 240 ಎಂದು ಒಣಗಿದ್ದಂತೆಯೇ, ಉದ್ದನೆಯ ಮರದ ತುಂಡಿಗೆ ಕಾಗದ ಸುತ್ತಿ ಉಜ್ಜಿ. ಬರಿಗೈ ಬೆರಳಿನಲ್ಲಿ ಕಾಗದ ಹಿಡಿದರೆ ಬೆರಳುಗಳಷ್ಟೇ ಅಗಲದ ಸಾಲು ಬೀಳುತ್ತವೆ.

ಮೈ ಸಮನಾಗಿದೆಯೇ ಎಂಬುದನ್ನು ಕಣ್ಣಿಗಿಂತ ಅಂಗೈ ಚೆನ್ನಾಗಿ ಹೇಳುತ್ತದೆ. ತೆಳು ಹತ್ತಿಬಟ್ಟೆಯನ್ನು ತಗಡಿನ ಮೇಲಿಟ್ಟು, ಅದರ ಮೇಲೆ ಅಂಗೈಯನ್ನು ಪೂರ್ತಿ ಊರಿ, ಕಾರಿನ ಉದ್ದಕ್ಕೆ ನಿಧಾನವಾಗಿ ಎಳೆಯಿರಿ. ಪುಟ್ಟಿಯ ಮೇಲೆ ಹೊಡೆಯುವ ಪ್ರೈಮರ್ ಸರ್ಫೇಸರ್ ಒಣಗಿದ ಮೇಲೆ ಅದರ ಮೇಲೆ ಕಪ್ಪು ಬಣ್ಣವನ್ನು ಮಂಜಿನ ಹಾಗೆ ತೆಳ್ಳಗೆ ಹಾರಿಸಿ 400ರ ಕಾಗದವನ್ನು ಹಲಗೆಗೆ ಸುತ್ತಿ ಉಜ್ಜಿದರೆ, ಎತ್ತರದ ಜಾಗದಲ್ಲಿ ಕಪ್ಪು ಮೊದಲು ಮಾಯವಾಗಿ ಪ್ರೈಮರಿನ ಬೂದು ಬಣ್ಣ ಕಾಣುತ್ತದೆ, ತಗ್ಗಿನಲ್ಲಿ ಕಪ್ಪು ಹಾಗೇ ಉಳಿಯುತ್ತದೆ. ಬಾಗಿಲಿನ ನಡುವೆ ಅಂಗೈಯಗಲದ ಕಪ್ಪು ಉಳಿದಿದ್ದರೆ ಅಲ್ಲಿ ನಿಮಗೆ ಈವರೆಗೆ ಕಾಣದ ಒಂದು ನೆಗ್ಗು ಇದೆಯೆಂದು ಅರ್ಥ. ಆ ಕಪ್ಪು ಪೂರ್ತಿ ಹೋಗುವವರೆಗೆ ಬಣ್ಣದ ಡಬ್ಬಿ ತೆರೆಯಬೇಡಿ. ಕೊನೆಯಲ್ಲಿ ಕೀಲುಗಳಿಗೆಲ್ಲ ಸೀಲರ್ ಎಳೆದು, ಸಿಲ್ ಮತ್ತು ಬಾಗಿಲುಗಳ ಒಳಮೈಗೆ ತುಕ್ಕುನಿರೋಧಕ ಮೇಣವನ್ನು ಸಿಂಪಡಿಸಿ, ತಳದ ರಂಧ್ರಗಳು ತೆರೆದೇ ಇವೆಯೇ ಎಂದು ತಂತಿ ತೂರಿಸಿ ನೋಡಿ.

ಪ್ರಶ್ನೆ: ನಮ್ಮ ಅಂಬಾಸಡರ್ ಕಾರಿನ ಡಿಕ್ಕಿಯ ನೆಲವನ್ನು ಎರಡು ಸಲ ಉಜ್ಜಿಸಿ ಬಣ್ಣ ಹೊಡೆಸಿದೆವು. ಪ್ರತಿ ಸಲವೂ ಒಂದು ವರ್ಷ ಕಳೆಯುವುದರೊಳಗೆ ತುಕ್ಕು ಮರಳಿತು. ಹಿಂದೆ ಇದೇ ಕಾರಿನಲ್ಲಿ ತೋಟಕ್ಕೆ ಗೊಬ್ಬರ, ಮೈಲುತುತ್ತ ಸಾಗಿಸುತ್ತಿದ್ದೆವು. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
— ಓದುಗರೊಬ್ಬರು, ಸಕಲೇಶಪುರ

ಉತ್ತರ: ನೇರವಾದ ಸಂಬಂಧವಿದೆ. ತಾಮ್ರದ ಲವಣವಾದ ಮೈಲುತುತ್ತಕ್ಕೆ ಸುಣ್ಣ ಬೆರೆಸಿ ಮಾಡುವ ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ತಿಳಿಯಲು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದಿ ನೋಡುವುದು ನಿಮಗೆ ಗೊತ್ತೇ ಇದೆ. ಸುಣ್ಣ ಸಾಲದಿದ್ದರೆ ಕತ್ತಿಯ ಮೇಲೆ ತಾಮ್ರದ ಕೆಂಪು ಕೂರುತ್ತದೆ. ಅಲ್ಲಿ ತಾಮ್ರ ಕೂರುವಷ್ಟು ಕಬ್ಬಿಣ ಕರಗಿ ಹೋಗಿರುತ್ತದೆ. ಡಿಕ್ಕಿಯಲ್ಲಿ ಚೆಲ್ಲಿದ ಮೈಲುತುತ್ತದ ಪುಡಿಗೆ ತೇವ ತಗುಲಿದಾಗ ನಡೆಯುವುದೂ ಇದೇ ಕ್ರಿಯೆ. ಅಷ್ಟಕ್ಕೇ ನಿಲ್ಲದೆ, ಕೂತ ತಾಮ್ರದ ಸುತ್ತಲಿನ ಕಬ್ಬಿಣ ಮತ್ತಷ್ಟು ಬೇಗ ಸವೆಯುತ್ತದೆ. ಪೊಟ್ಯಾಷ್ ಎಂದು ನಾವು ಕೊಳ್ಳುವುದು ಪೊಟ್ಯಾಸಿಯಂ ಕ್ಲೋರೈಡ್. ಅದರ ಕ್ಲೋರೈಡ್ ಅಂಶ ಕಡಲತೀರದ ಉಪ್ಪುಗಾಳಿಯಂತೆಯೇ ತುಕ್ಕನ್ನು ಬೆಳೆಸುತ್ತದೆ, ಗಾಳಿಯ ತೇವವನ್ನೂ ಸೆಳೆದುಕೊಳ್ಳುತ್ತದೆ.

ಈ ಲವಣಗಳು ತುಕ್ಕಿನ ಸಣ್ಣ ಗುಳಿಗಳ ತಳದಲ್ಲಿ ಅಡಗಿರುತ್ತವೆ. ಉಪ್ಪುಕಾಗದದಿಂದ ಉಜ್ಜಿದಾಗ ಮೇಲ್ಮೈ ಹೊಳೆಯುತ್ತದೆ, ಗುಳಿಯೊಳಗಿನ ಲವಣ ಹಾಗೇ ಇದ್ದು ಹೊಸ ಬಣ್ಣದ ಅಡಿಯಲ್ಲಿ ಕೆಲಸ ಮುಂದುವರಿಸುತ್ತದೆ. ಆದ್ದರಿಂದ ಮೊದಲು ತಂತಿಬ್ರಷ್ಷಿನಿಂದ ಪದರ ತುಕ್ಕನ್ನು ತೆಗೆದು, ಬಿಸಿನೀರಿನಲ್ಲಿ ಚೆನ್ನಾಗಿ ತೊಳೆದು ಒಣಗಿಸಿ, ಮಾರನೆಯ ದಿನ ಮತ್ತೆ ಉಜ್ಜಿ ಮತ್ತೆ ತೊಳೆಯಬೇಕು. ತೊಳೆದ ಗುಳಿಗಳಲ್ಲಿ ಒಂದೆರಡು ಗಂಟೆಯಲ್ಲೇ ಕಡುಬಣ್ಣದ ಒದ್ದೆ ಚುಕ್ಕೆಗಳು ಏಳುತ್ತಿದ್ದರೆ ಲವಣ ಇನ್ನೂ ಉಳಿದಿದೆ ಎಂದು ತಿಳಿಯಿರಿ. ಚುಕ್ಕೆಗಳು ನಿಂತ ಮೇಲೆ ಫಾಸ್ಫಾರಿಕ್ ಆಮ್ಲದ ತುಕ್ಕುನಿವಾರಕವನ್ನು ಡಬ್ಬಿಯ ಮೇಲಿನ ಸೂಚನೆಯಂತೆ ಹಚ್ಚಿ, ಅದರ ಶೇಷವನ್ನೂ ತೊಳೆದು, ಬಿಸಿಲಿನಲ್ಲಿ ಕಾಯಿಸಿ, ಎಪಾಕ್ಸಿ ಪ್ರೈಮರ್ ಕೊಡಿ. ಗುಳಿಗಳು ಆಳವಾಗಿದ್ದು ತಗಡು ಬೆಳಕಿಗೆ ಜಾಲರಿಯಂತೆ ಕಂಡರೆ ಇಷ್ಟೆಲ್ಲ ಶ್ರಮ ವ್ಯರ್ಥ, ಆ ಭಾಗವನ್ನು ಬದಲಿಸುವುದೇ ಸರಿ. ಇನ್ನು ಮುಂದೆ ಗೊಬ್ಬರವನ್ನು ಆ ಕಾರಿನಲ್ಲಿ ಸಾಗಿಸಬೇಡಿ.

ಪ್ರಶ್ನೆ: ನಮ್ಮ ಹಳೆಯ ಕಾರಿನ ಬಾನೆಟ್ಟಿಗೆ ಎನ್‌ಸಿ ಬಣ್ಣ ಹೊಡೆದಾಗ ಅಡಿಯ ಬಣ್ಣ ಸುಕ್ಕುಗಟ್ಟಿ ಎದ್ದುಬಂದಿತು. ಮತ್ತೊಮ್ಮೆ ಹೊಡೆದಾಗ ಬಿಳಿಯ ಮಬ್ಬು ಕೂತಿತು. ಎರಡಕ್ಕೂ ಕಾರಣವೇನು? ಮನೆಯಲ್ಲಿ ಹೊಡೆಯಲು ಯಾವ ಬಣ್ಣ ಸೂಕ್ತ? ಟೂ-ಕೆ ಬಣ್ಣವೇ ಒಳ್ಳೆಯದೆಂದು ಅಂಗಡಿಯವರು ಹೇಳುತ್ತಾರೆ.
— ಓದುಗರೊಬ್ಬರು, ಹಾಸನ

ಉತ್ತರ: ಅಡಿಯಲ್ಲಿ ಇದ್ದದ್ದು ಸಿಂಥೆಟಿಕ್ ಎನಾಮೆಲ್ ಆಗಿರಬೇಕು. ಎನ್‌ಸಿ, ಅಂದರೆ ನೈಟ್ರೋಸೆಲ್ಯುಲೋಸ್ ಬಣ್ಣದ ಥಿನ್ನರ್ ಬಲವಾದದ್ದು. ಅದು ಎನಾಮೆಲ್ ಪದರವನ್ನು ಊದಿಸಿ ಮೇಲೆಬ್ಬಿಸುತ್ತದೆ. ಬಣ್ಣ ಹೊಡೆಯುವ ಮೊದಲು ಮರೆಯ ಜಾಗವೊಂದರಲ್ಲಿ ಎನ್‌ಸಿ ಥಿನ್ನರಿನಲ್ಲಿ ನೆನೆಸಿದ ಬಟ್ಟೆಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಿರಿ. ಬಣ್ಣ ಕರಗಿ ಬಟ್ಟೆಗೆ ಬಂದರೆ ಹಳೆಯದು ಎನ್‌ಸಿ, ಸುಕ್ಕುಗಟ್ಟಿದರೆ ಸಿಂಥೆಟಿಕ್, ಏನೂ ಆಗದಿದ್ದರೆ ಹಾರ್ಡನರ್ ಬೆರೆಸಿ ಹೊಡೆಯುವ ಟೂ-ಕೆ ಅಥವಾ ಒಲೆಯಲ್ಲಿ ಕಾಯಿಸಿದ ಬಣ್ಣ. ಸುಕ್ಕುಗಟ್ಟುವ ಬಣ್ಣವನ್ನು ಪೂರ್ತಿ ತೆಗೆದು ಎಪಾಕ್ಸಿ ಪ್ರೈಮರಿನಿಂದ ಆರಂಭಿಸುವುದೇ ಭದ್ರವಾದ ಮಾರ್ಗ.

ಬಿಳಿಯ ಮಬ್ಬು ಹವೆಯಿಂದ ಬಂದದ್ದು. ಥಿನ್ನರ್ ವೇಗವಾಗಿ ಆವಿಯಾಗುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಸುತ್ತಲಿನ ಗಾಳಿಯ ತೇವ ಅದರ ಮೇಲೆ ಇಬ್ಬನಿಯಂತೆ ಕೂತು ಪದರದೊಳಗೆ ಸಿಕ್ಕಿಕೊಳ್ಳುತ್ತದೆ. ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಸ್ವಲ್ಪ ಬೆರೆಸಿದರೆ ಇದು ಕಡಿಮೆಯಾಗುತ್ತದೆ. ಕೂತಿರುವ ಮಬ್ಬನ್ನೂ ಒಣಹವೆಯ ದಿನ ಅದೇ ಥಿನ್ನರನ್ನು ತೆಳ್ಳಗೆ ಹಾರಿಸಿ ಬಹುಮಟ್ಟಿಗೆ ಹೋಗಲಾಡಿಸಬಹುದು. ಆದರೆ ಸರಿಯಾದ ದಿನವನ್ನು ಆರಿಸಿಕೊಳ್ಳುವುದೇ ನಿಜವಾದ ಪರಿಹಾರ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗಡಿನ ಕೆಲಸ ಮಾಡಿಕೊಳ್ಳಿ, ಬಣ್ಣವನ್ನು ಫೆಬ್ರುವರಿ, ಮಾರ್ಚ್ ತಿಂಗಳಿಗೆ ಇಟ್ಟುಕೊಳ್ಳಿ. ಆಗಲೂ ಕಾಫಿಯ ಹೂಮಳೆ ಬರುವ ಸೂಚನೆಯಿದ್ದರೆ ಎರಡು ದಿನ ಕಾಯಿರಿ. ಬೆಳಗಿನ ಇಬ್ಬನಿ ಪೂರ್ತಿ ಆರಿ ತಗಡು ಬೆಚ್ಚಗಾದ ಮೇಲೆ, ಮಧ್ಯಾಹ್ನದ ಗಾಳಿ ಏಳುವ ಮೊದಲು ಹೊಡೆದು ಮುಗಿಸಬೇಕು. ಕಂಪ್ರೆಸರಿನ ಟ್ಯಾಂಕಿನ ತಳದ ತಿರುಪನ್ನು ಬಿಚ್ಚಿ ನೀರು ಬಸಿಯುವುದನ್ನೂ, ಗಾಳಿಯ ಕೊಳವೆಗೆ ನೀರು ಬೇರ್ಪಡಿಸುವ ಸೋಸುಕವನ್ನು ಜೋಡಿಸುವುದನ್ನೂ ಮರೆಯಬೇಡಿ. ಗನ್ನನ್ನು ಮೈಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ ಸಮಾನಾಂತರವಾಗಿ ಸಾಗಿಸಿ, ಪ್ರತಿ ಸಾಲೂ ಹಿಂದಿನ ಸಾಲಿನ ಅರ್ಧವನ್ನು ಮುಚ್ಚುವಂತಿರಲಿ.

ಟೂ-ಕೆ ಬಣ್ಣ ಬಾಳಿಕೆಯಲ್ಲಿ ಉತ್ತಮವೆಂಬುದು ನಿಜ. ಅದರ ಹಾರ್ಡನರಿನಲ್ಲಿ ಐಸೊಸಯನೇಟ್ ಇರುತ್ತದೆ. ಸಿಂಪಡಿಸುವಾಗ ಅದರ ಹನಿಮಂಜು ಶ್ವಾಸಕೋಶಕ್ಕೆ ಹೋದರೆ ಆಸ್ತಮಾ ಬರಬಹುದು, ಮತ್ತು ಒಮ್ಮೆ ದೇಹಕ್ಕೆ ಅದು ಒಗ್ಗದಂತಾದರೆ ಮುಂದೆ ಅತ್ಯಲ್ಪ ಪ್ರಮಾಣವೂ ಉಸಿರು ಕಟ್ಟಿಸಬಲ್ಲದು. ವಾಸನೆಯಿಂದ ಅದನ್ನು ಗುರುತಿಸಲು ಆಗದ ಕಾರಣ ಮಾಸ್ಕಿನ ಕಾರ್ಟ್ರಿಡ್ಜ್ ಸೋತಿರುವುದು ತಿಳಿಯುವುದಿಲ್ಲ. ಬಟ್ಟೆಯ ಮಾಸ್ಕ್ ಅಂತೂ ಏನೂ ತಡೆಯುವುದಿಲ್ಲ. ಹೊರಗಿನ ಶುದ್ಧ ಗಾಳಿಯನ್ನು ಕೊಳವೆಯ ಮೂಲಕ ಮುಖಕ್ಕೆ ಕೊಡುವ ಮಾಸ್ಕ್ ಇಲ್ಲದವರು ಮನೆಯಲ್ಲಿ ಟೂ-ಕೆ ಹೊಡೆಯಲೇಬಾರದು. ಮನೆಗೆ ಎನ್‌ಸಿ ಸಾಕು, ಅದಕ್ಕೂ ಸಾವಯವ ಆವಿಯನ್ನು ತಡೆಯುವ ಕಾರ್ಟ್ರಿಡ್ಜ್ ಮಾಸ್ಕ್ ಬೇಕು. ಶೆಡ್ಡಿನಲ್ಲಿ ಒಲೆ, ಬೀಡಿ, ಸಡಿಲ ಸ್ವಿಚ್ಚು ಯಾವುದೂ ಇರಬಾರದು, ಕಂಪ್ರೆಸರ್ ಹೊರಗಿರಬೇಕು. ಎನ್‌ಸಿ ಬಣ್ಣವನ್ನು ತೆಳುಪದರಗಳಲ್ಲಿ ಹೊಡೆದು, ಕೆಲವು ವಾರ ಗಟ್ಟಿಯಾಗಲು ಬಿಟ್ಟು, 1000, 1500, 2000ರ ವಾಟರ್ ಪೇಪರಿನಲ್ಲಿ ಉಜ್ಜಿ ಪಾಲಿಶ್ ಮಾಡುವ ಕಾಂಪೌಂಡ್ ಹಾಕಿದರೆ ಆ ಕಾಲದ ಕಾರುಗಳಿಗೆ ಒಪ್ಪುವ ಮೃದುವಾದ ಹೊಳಪು ಬರುತ್ತದೆ. ಗೀರು ಬಿದ್ದರೆ ಅಷ್ಟು ಜಾಗವನ್ನಷ್ಟೇ ಸರಿಪಡಿಸಿಕೊಳ್ಳಬಹುದು ಎಂಬುದು ಅದರ ಇನ್ನೊಂದು ಅನುಕೂಲ.

ಪ್ರಶ್ನೆ: ಅಡಿಕೆಯ ಚೊಗರು ಹಚ್ಚಿದರೆ ತುಕ್ಕು ಕಪ್ಪಾಗಿ ನಿಂತುಹೋಗುತ್ತದೆ ಎನ್ನುತ್ತಾರೆ. ಇದು ನಿಜವೇ?
— ಓದುಗರೊಬ್ಬರು, ಕೊಪ್ಪ

ಉತ್ತರ: ಕಪ್ಪಾಗುವುದು ನಿಜ. ಅಡಿಕೆ ಬೇಯಿಸಿದಾಗ ಉಳಿಯುವ ಚೊಗರಿನ ಟ್ಯಾನಿನ್ ಕಬ್ಬಿಣದೊಂದಿಗೆ ಸೇರಿ ಕಪ್ಪು ಸಂಯುಕ್ತವಾಗುತ್ತದೆ. ಹಸಿ ಅಡಿಕೆ ಸುಲಿಯುವ ಕತ್ತಿ ಕಪ್ಪಾಗುವುದೂ ಇದರಿಂದಲೇ. ಅಂಗಡಿಯ ಕೆಲವು ತುಕ್ಕುಪರಿವರ್ತಕಗಳಲ್ಲೂ ಟ್ಯಾನಿಕ್ ಆಮ್ಲವಿದೆ. ಆದರೆ ಅವುಗಳಲ್ಲಿ ಮೇಲೆ ಪದರವಾಗಿ ನಿಲ್ಲುವ ಅಂಟೂ ಸೇರಿರುತ್ತದೆ, ಚೊಗರಿನಲ್ಲಿ ಅದಿಲ್ಲ. ಒಣಗಿದ ಚೊಗರಿನ ಮೇಲೆ ಪ್ರೈಮರ್ ಸರಿಯಾಗಿ ಹಿಡಿಯುವ ಭರವಸೆಯೂ ಇಲ್ಲ. ಕಾರಿನ ಮೈಗೆ ಅದನ್ನು ಬಳಸಬೇಡಿ. ಕೀಲು, ಬ್ರಾಕೆಟ್, ನಟ್ಟು ಬೋಲ್ಟುಗಳಂಥ ಸಣ್ಣ ಉಕ್ಕಿನ ಭಾಗಗಳಿಗೆ ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಕಾಕಂಬಿ ನಿಜಕ್ಕೂ ಉಪಯುಕ್ತ: ಒಂದು ಭಾಗ ಕಾಕಂಬಿಗೆ ಒಂಬತ್ತು ಭಾಗ ನೀರು ಬೆರೆಸಿದ ಡ್ರಮ್ಮಿನಲ್ಲಿ ಒಂದೆರಡು ವಾರ ಮುಳುಗಿಸಿಟ್ಟರೆ ಒಳ್ಳೆಯ ಲೋಹ ಉಳಿದು ತುಕ್ಕು ಬಿಡುತ್ತದೆ. ಅಲ್ಯೂಮಿನಿಯಂ ಭಾಗಗಳನ್ನು ಅದಕ್ಕೆ ಹಾಕಬಾರದು. ವಾಸನೆ ಬಲವಾಗಿರುವುದರಿಂದ ಡ್ರಮ್ಮನ್ನು ಮನೆಯಿಂದ ದೂರ ಇಡಿ.

ಪ್ರಶ್ನೆ: ನಮ್ಮ ಅಜ್ಜನ ಕಾಲದ, 1968ರಲ್ಲಿ ನೋಂದಣಿಯಾದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿನ ನೆಲಕ್ಕೆ ತೇಪೆ ಹಾಕಿಸಿ, ತಿಳಿನೀಲಿಯಿಂದ ಕೆಂಪು ಬಣ್ಣಕ್ಕೆ ಬದಲಿಸಬೇಕೆಂದಿದ್ದೇವೆ. ವಿಂಟೇಜ್ ನೋಂದಣಿಗೆ ಇದರಿಂದ ತೊಂದರೆಯಾಗುವುದೇ?
— ಓದುಗರೊಬ್ಬರು, ಚಿಕ್ಕಮಗಳೂರು

ಉತ್ತರ: ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪದಲ್ಲಿ ಉಳಿಸಿಕೊಂಡ ವಾಹನಗಳು ವಿಂಟೇಜ್ ವಾಹನಗಳಿಗೆ ಕೊಡುವ ವಿಎ ಸರಣಿಯ ಸಂಖ್ಯೆಗೆ ಅರ್ಹ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಅಂಥ ವಾಹನವನ್ನು ಪ್ರದರ್ಶನ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಮುಂತಾದ ಸೀಮಿತ ಉದ್ದೇಶಗಳಿಗಷ್ಟೇ ರಸ್ತೆಗೆ ತರಬಹುದು. ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡು ಆಗಿರಬಾರದೆಂಬುದು ನಿಯಮದ ಷರತ್ತು. ಹೆರಾಲ್ಡ್ ಪ್ರತ್ಯೇಕ ಚಾಸಿಯ ಮೇಲೆ ಬಾಡಿಯ ಭಾಗಗಳನ್ನು ಬೋಲ್ಟ್ ಮಾಡಿ ಕೂರಿಸಿದ ಕಾರಾದ್ದರಿಂದ ನೆಲದ ಕೆಲಸ ಸುಲಭ. ಮೂಲ ಆಕಾರದಲ್ಲೇ ಹಾಕಿದ ತೇಪೆ ದುರಸ್ತಿಯೇ ಹೊರತು ಮಾರ್ಪಾಡಲ್ಲ ಎಂಬುದು ನಮ್ಮ ಅಭಿಪ್ರಾಯ. ಆದರೂ ತೀರ್ಮಾನ ಆರ್‌ಟಿಒ ಅಧಿಕಾರಿಗಳದ್ದಾಗಿರುವುದರಿಂದ ಕೆಲಸದ ಮೊದಲು, ನಡುವೆ, ನಂತರ ಫೋಟೋ ತೆಗೆದಿಟ್ಟುಕೊಳ್ಳಿ.

ಬಣ್ಣವನ್ನು ಮಾತ್ರ ಬದಲಿಸಬೇಡಿ. ಡ್ಯಾಶ್‌ಬೋರ್ಡಿನ ಹಿಂದೆ, ಬಾಗಿಲಿನ ಒಳಹಲಗೆಯ ಅಡಿಯಲ್ಲಿ ಬಿಸಿಲು ತಾಗದೆ ಉಳಿದ ಮೂಲ ನೀಲಿ ಖಂಡಿತ ಸಿಗುತ್ತದೆ. ಅಲ್ಲಿ ಕಾಂಪೌಂಡ್ ಹಾಕಿ ಉಜ್ಜಿ, ಆ ಬಣ್ಣಕ್ಕೇ ಹೊಂದಿಸಿ ಬೆರೆಸಿಕೊಡುವಂತೆ ಅಂಗಡಿಯವರನ್ನು ಕೇಳಿ. ಕೆಂಪೇ ಬೇಕೆಂದು ಮನೆಯವರೆಲ್ಲ ಒಪ್ಪಿದ್ದರೆ, ಆರ್‌ಸಿಯಲ್ಲಿ ಬಣ್ಣದ ನಮೂದು ಇರುವುದರಿಂದ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ ಅದನ್ನು ತಿದ್ದಿಸಿಕೊಳ್ಳಿ. ಯಾವ ಬಣ್ಣವಾದರೂ ಸರಿ, ಕೆಲಸ ಆರಂಭಿಸುವ ದಿನವೇ ಚಾಸಿ ಸಂಖ್ಯೆ ಕೊರೆದಿರುವ ಜಾಗವನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಅದರ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಅಚ್ಚು ತೆಗೆದುಕೊಂಡು, ಗ್ರೀಸ್ ಹಚ್ಚಿ ಟೇಪಿನಿಂದ ಮುಚ್ಚಿಬಿಡಿ. ಗ್ರೈಂಡರ್ ಆಗಲಿ ಪುಟ್ಟಿಯಾಗಲಿ ಆ ಅಂಕಿಗಳನ್ನು ಮುಟ್ಟಕೂಡದೆಂದು ಟಿಂಕರರಿಗೂ ಮೊದಲೇ ಹೇಳಿರಿ.